ಪರೀಕ್ಷಾ ಕೋಣೆಯ ಸೆನ್ಸರ್

“ಗ್ರಾಫು ಸುಳ್ಳು ಹೇಳಂಗಿಲ್ಲ. ಹನ್ನೊಂದರಿಂದ ಹನ್ನೆರಡೂವರಿತನ ಇಲ್ಲಿ ಯಾರೂ ಇದ್ದಿಲ್ಲ!”

ಗಾದಿಲಿಂಗಮ್ಮನಿಗೆ ಹನುಮಂತು ಆಡಿದ ಮೊದಲ ಮಾತೇ ಇದು.

೧೯೮೬ರ ಏಪ್ರಿಲ್. ಆದೋನಿಯ ನೂಲಿನ ಗಿರಣಿಯಲ್ಲಿ ಆಕೆ ಹತ್ತಿಯ ಎಳೆ ಪರೀಕ್ಷಿಸುತ್ತಿದ್ದಳು. ಸೆಕೆ ಏರಿದರೆ ಪರೀಕ್ಷೆ ಕೆಡುತ್ತದೆಂದು ಅಲ್ಲಿ ಏಸಿ. ಕರೆಂಟು ಉಳಿಸಲು ಮೆಕ್ಯಾನಿಕ್ ಹನುಮಂತು ಅದರ ಥರ್ಮೋಸ್ಟ್ಯಾಟಿಗೆ ಹೊಸ ಸೆನ್ಸರ್ ಜೋಡಿಸಿದ್ದ. ಜನರಿದ್ದರೆ ತಂಪು, ಇಲ್ಲದಿದ್ದರೆ ಬಂದ್; ಎರಡೂ ಗ್ರಾಫಿನಲ್ಲಿ ದಾಖಲು.

ಅಂದು ಬಂದ್ ಆಗಿತ್ತು.

“ಏಮ್ಮಾ, ಎಕ್ಕಡಿಕಿ ಪೋಯಿನಾವು? ಸಿನಿಮಾಕ್ಕೇನ?” ಎಲ್ಲಿಗೆ ಹೋಗಿದ್ದೆ ಎಂದು ತೆಲುಗಿನಲ್ಲಿ ಕೇಳಿ ಮೇಸ್ತ್ರಿ ಬಜಾರಪ್ಪ ಹಲ್ಲು ಕಿರಿದ.

“ಇಲ್ಲೇ ಕುಂತಿದ್ನಿರೀ! ಮೈಕ್ರೋಸ್ಕೋಪಿನಿಂದ ಕಣ್ಣು ಸೈತ ಎತ್ತಿಲ್ಲ...”

“ನಾಳಿಂದ ಬರಬ್ಯಾಡ,” ಎಂದುಬಿಟ್ಟ ಬಜಾರಪ್ಪ.

ತನ್ನೂರು ಪೆದ್ದಹರಿವಾಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ‘ಹಾಸಿಗೆ ಹಿಡಿದ ಅವ್ವನಿಗೆ ಏನು ಹೇಳಲಿ? ಇದ್ದವಳನ್ನೇ ಇಲ್ಲ ಅಂದರಲ್ಲ...’

ಹನುಮಂತುವಿಗೂ ನಿದ್ದೆ ಹತ್ತಲಿಲ್ಲ. ಬೈಗುಳ ತಿನ್ನುವಾಗಲೂ ಆಕೆ ಕಲ್ಲಿನಂತೆ ನಿಂತಿದ್ದಳು... ಒಂದಿಷ್ಟೂ ಅಲುಗದೆ!

ಮರುದಿನ ಆಕೆಯ ಸ್ಟೂಲಿನ ಮೇಲೆ ಹಾಗೇ ಅಲುಗದೆ ಕುಳಿತ. ಇಪ್ಪತ್ತು ನಿಮಿಷ... ಏಸಿ ನಿಂತಿತು! ಆ ಸೆನ್ಸರಿಗೆ ಕಾಣುವುದು ಅಲುಗಾಟ ಮಾತ್ರ. ಅಲುಗದೆ ಕುಳಿತು ದುಡಿಯುವವರು ಅದಕ್ಕೆ ಕಾಣುವುದಿಲ್ಲ. ಬೆವರುತ್ತಲೇ ಓಡಿ ಮ್ಯಾನೇಜರರ ಮುಂದೆ ತಪ್ಪೊಪ್ಪಿಕೊಂಡ. ಸೈಕಲ್ ತುಳಿದು ಪೆದ್ದಹರಿವಾಣ ಸೇರಿದ.

“ನೌಕರಿ ನಿಮ್ದ ಐತ್ರಿ. ಮ್ಯಾನೇಜರರ ಚೀಟಿ ತಂದೀನಿ.”

ಸಜ್ಜೆ ಕೇರುತ್ತಿದ್ದ ಆಕೆ ತಲೆ ಎತ್ತಲಿಲ್ಲ. “ಒಂದು ಮಾತು ನನ್ನ ಕೇಳಬೋದಿತ್ತಲ್ರೀ?”

“ಕೇಳಬೋದಿತ್ತು... ನಾನ ಜೋಡಿಸಿದ ಸೆನ್ಸರ್, ತಪ್ಪಂಗಿಲ್ಲ ಅನ್ನೋ ಸೊಕ್ಕು.”

ಆಕೆ ಕ್ಷಮಿಸಲಿಲ್ಲ. ಚೀಟಿ ಮಾತ್ರ ತೆಗೆದುಕೊಂಡಳು.

ಸೆನ್ಸರ್ ಸರಿಮಾಡಿದ ಮೇಲೂ ಅದನ್ನು ನೋಡುವ ನೆಪದಲ್ಲಿ ಅವನು ಪ್ರತಿ ಗುರುವಾರ ಆಕೆಯ ಪರೀಕ್ಷಾ ಕೋಣೆಗೆ ಬಂದ. ಶ್ರಾವಣ ಬಂದರೂ ಬರುವುದು ನಿಲ್ಲಲಿಲ್ಲ.

“ಈ ವಾರ ಏನು ಕೆಟ್ಟೈತ್ರಿ?” ಆಕೆ ನಗು ತಡೆದು ಕೇಳಿದಳು.

“ಏನೂ ಕೆಟ್ಟಿಲ್ಲ.” ಅವನು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಮದ್ದಿಕೇರಿಗೆ... ನಮ್ಮ ಮನಿಗೆ ಬರ್ತಿಯೇನು, ಗಾದಿ?”

ಆಕೆಯ ಮುಖ ಅರಳಿತು. ಮರುಕ್ಷಣವೇ ಅವ್ವ ನೆನಪಾದಳು.

“ಅವ್ವನ್ನ ಬಿಟ್ಟು ಬರಂಗಿಲ್ಲ. ಇನ್ನೊಬ್ಬಾಕಿನ್ನ ನೋಡ್ಕೋರಿ.”

ಹೊರಟವನು ಬಾಗಿಲಲ್ಲೇ ತಿರುಗಿದ.

“ಹಂಗಾರ ನಾನ ಬರ್ತೀನಿ, ನಿಮ್ಮ ಮನಿಗೆ.”

“ಮನಿ ಅಳಿಯ ಅಂತ ಊರೆಲ್ಲ ನಗತೈತಿ!”

“ನಗ್ಲಿ ಬಿಡು.”

ಆಕೆಯ ಕಣ್ಣು ತುಂಬಿತು. “ಸೆಕಿ ಭಾಳ. ನಮ್ಮನ್ಯಾಗ ಫ್ಯಾನ್ ಸೈತ ಇಲ್ಲ...”

“ಬೀಸಣಿಗಿ?”

“ಐತಿ. ಒಂದ.”

“ಸಾಕು... ಮೊದಲು ಅವ್ವಗ ಬೀಸ್ತೀನಿ, ಆಮ್ಯಾಲೆ ನಿನಗ.”