ಇಂದೇ ಕೊನೆಯ ಆಟ

"ಇನ್ನೊಂದು ಲೋಟ ಚಾ ಕುಡೀರಿ. ನಿನ್ನೆ ಅಷ್ಟು ಜನ ಸೇರಿದ್ದು ನಿಮ್ಮಿಂದ" ಎಂದಳು ಸ್ವಾತಿ.

ಅಶ್ವಥ್ ಲೋಟ ಹಿಡಿದನೇ ಹೊರತು ಅವಳ ಮುಖ ನೋಡಲಿಲ್ಲ. ಬೇರೆ ದಿನವಾಗಿದ್ದರೆ ಈ ಒಂದು ಮಾತು ಕೇಳಲು ಹರಿಹರದಿಂದ ದಾವಣಗೆರೆಗೆ ನಡೆದೇ ಬರುತ್ತಿದ್ದ.

ಅವರು ಕೂತಿದ್ದದ್ದು ಕರೀಂ ಸಾಬ್ ಅವರ ಹಳೆಯ ಮಂಡಕ್ಕಿ ಭಟ್ಟಿಯಲ್ಲಿ. ಒಲೆ ಆರಿ ಎಷ್ಟೋ ಕಾಲವಾಗಿತ್ತು. ಬಾಡಿಗೆ ಕೇಳದೆ ಸಾಬರು ಅದನ್ನು ನಾಟಕಕ್ಕೆ ಬಿಟ್ಟುಕೊಟ್ಟಿದ್ದರು. ಹರಿಹರದಲ್ಲಿ ಟೀಚರ್ ಆಗಿರುವ ಸ್ವಾತಿ ಇಲ್ಲಿ ತಂಡ ಕಟ್ಟಿದ್ದಳು. ಗುತ್ತೂರಿನ ಫ್ಯಾಕ್ಟರಿಯವರು ಪಾತ್ರ ಮಾಡುತ್ತಿದ್ದರು, ಪಕ್ಕದ ಮನೆಯ ಓಬವ್ವ ತನ್ನ ಮದುವೆ ಸೀರೆಯನ್ನೇ ರಾಣಿಗೆ ಉಡಲು ಕೊಡುತ್ತಿದ್ದಳು, ಮೈಕ್ ಕಟ್ಟಿದ ಆಟೋದ ಅಶ್ವಥ್ ಪುಕ್ಕಟೆ ಪ್ರಚಾರ ಮಾಡುತ್ತಿದ್ದ.

ಪುಕ್ಕಟೆ ಅಂತ ಊರು ತಿಳಿದುಕೊಂಡಿತ್ತು. ಹರಿಹರಕ್ಕೆ ಮರಳುವಾಗ ಅವನ ಆಟೋದ ಹಿಂದಿನ ಸೀಟಿನಲ್ಲಿ ಅವಳು ಡೈಲಾಗ್ ಹೇಳಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ, "ಮುಂದೆ ನೋಡ್ರಿ, ರೋಡ್ ಆ ಕಡೆ ಐತೆ" ಎನ್ನುತ್ತಿದ್ದಳು. ಅವನಿಗೆ ಅಷ್ಟೇ ಸಾಕಿತ್ತು.

ಅವಳ ಷರತ್ತು ಒಂದೇ. "'ಇಂದೇ ಕೊನೆಯ ಆಟ' ಅಂತ ಮಾತ್ರ ಕೂಗಬ್ಯಾಡ್ರಿ."

ಕಂಪನಿ ನಾಟಕದವರು ಹಾಗೆ ಕೂಗುತ್ತಲೇ ತಿಂಗಳುಗಟ್ಟಲೆ ಆಡುತ್ತಾರೆ. ದಾವಣಗೆರೆಯಲ್ಲಿ ಅದನ್ನು ಯಾರೂ ನಂಬುವುದಿಲ್ಲ, ಆದರೂ ಹೋಗುತ್ತಾರೆ. ಅಶ್ವಥ್‌ನ ಅಪ್ಪ ಅದೇ ಕೂಗಿನಿಂದ ಮನೆ ನಡೆಸಿದವನು. ಹೋದ ಸಲ ಪರದೆಯ ಸಂದಿಯಿಂದ ಖಾಲಿ ಕುರ್ಚಿಗಳನ್ನು ಕಂಡು ಸ್ವಾತಿಯ ಮುಖ ಬಾಡಿದ್ದು ಅಶ್ವಥ್‌ಗೆ ಮರೆಯಲಾಗಿರಲಿಲ್ಲ. ನಿನ್ನೆ ಅವಳು ಒಳಗೆ ಮೇಕಪ್ಪಿಗೆ ಕೂತಿದ್ದಾಗ, ಅವನು ಓಣಿ ಓಣಿಯಲ್ಲಿ ಅಪ್ಪನ ಕೂಗನ್ನೇ ಕೂಗಿಬಿಟ್ಟಿದ್ದ.

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಮಾತು ಮುಗಿಸಿ ಅವನ ಕಡೆ ತಿರುಗಿದಳು.

"ಕರೀಂ ಸಾಬ್ರು. ನಾವು ತಂಡ ಮುಚ್ಚೀವಂತೆ. ಅದಕ್ಕೆ ಭಟ್ಟಿ ಕೀಲಿ ಅಳಿಯ ಸಿಕಂದರ್‌ಗೆ ಕೊಡ್ತಾರಂತೆ, ಪೈಪ್ ಗೋಡೌನ್‌ಗೆ. ಮುಚ್ಚಿಲ್ಲ ಅಂತ ನಾನಂದ್ರೆ, 'ನಿಮ್ಮ ತಂಡದೋರು ಸುಳ್ಳು ಹೇಳಲ್ಲಮ್ಮ' ಅಂತಾರೆ. ಏನಂತ ಅರ್ಥ? ಊರೆಲ್ಲ ಸುತ್ತಿದವರು ನೀವು. ಯಾರು ಹಬ್ಬಿಸಿದ್ರು, ಗೊತ್ತೈತಾ?"

"ಗೊತ್ತಿಲ್ಲ" ಎಂದ ಅಶ್ವಥ್.

ಬಾಯಿಂದ ಬಿದ್ದ ಕೂಡಲೇ ಆ ಮಾತು ನಿನ್ನೆಯ ಕೂಗಿಗಿಂತ ಕೆಟ್ಟದ್ದು ಅನ್ನಿಸಿತು. ಸಾಬರ ಮನೆಗೆ ಅವಳನ್ನು ಕರೆದೊಯ್ಯುವಾಗ ಅವನು ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿಬಿಟ್ಟ. "ಮುಂದೆ ನೋಡ್ರಿ" ಎನ್ನಲು ಅವಳಿಗೆ ಇಂದು ಕಾರಣವೇ ಸಿಗಲಿಲ್ಲ.

ಸಾಬರ ಕಟ್ಟೆಯ ಮೇಲೆ ಸಿಕಂದರ್ ಆಗಲೇ ಕೀಲಿ ಹಿಡಿದು ನಿಂತಿದ್ದ. ಸ್ವಾತಿ ಕೈ ಮುಗಿದು ಏನೋ ಕೇಳಿಕೊಳ್ಳುತ್ತಿದ್ದಳು. ತಾನು ಮಾಡಿದ ತಪ್ಪಿಗೆ ಅವಳು ಕೈ ಮುಗಿಯುವುದನ್ನು ಅಶ್ವಥ್‌ಗೆ ನೋಡಲಾಗಲಿಲ್ಲ. ಮೈಕ್ ಹಾಕಿದ.

"ಎಲ್ರೂ ಕೇಳ್ರಿ. ನಿನ್ನೆ ಕೊನೆಯ ಆಟ ಅಂತ ಕೂಗಿದ್ದು ಸುಳ್ಳು. ಸ್ವಾತಿಯವರು ಬ್ಯಾಡ ಅಂದಿದ್ರು, ಆದ್ರೂ ನಾನು ಕೂಗಿದೆ. ತಂಡ ಮುಚ್ಚಿಲ್ಲ. ತಪ್ಪು ನನ್ನದೊಬ್ಬಂದೇ."

ಅವಳು ನಿಧಾನವಾಗಿ ಆಟೋದ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಅಂದ್ರೆ ನಿನ್ನೆ ಜನ ನಾಟಕ ನೋಡಾಕೆ ಬಂದಿರಲಿಲ್ಲ. ಸತ್ತವರ ಮನೆಗೆ ಬಂದಂಗೆ ಬಂದಿದ್ರು."

ಅವನು ತಲೆ ತಗ್ಗಿಸಿದ.

"ಆಗ್ಲೇ ಕೇಳಿದಾಗ ಗೊತ್ತಿಲ್ಲ ಅಂದ್ರಲ್ಲ, ಯಾಕ?"

"ಹೇಳಿದ್ರೆ ನೀವು ಮತ್ತೆ ಈ ಆಟೋ ಹತ್ತಲ್ಲ ಅಂತ ಭಯ ಆತು. ಖಾಲಿ ಕುರ್ಚಿ ನಿಮಗೆ ಹೆಂಗೋ, ಆ ಖಾಲಿ ಸೀಟು ನನಗೆ ಹಂಗೆ. ನಿಮ್ಮನ್ನ ಇಷ್ಟಪಡ್ತೀನಿ ಸ್ವಾತಿಯವ್ರೇ. ಆದ್ರೆ ಅದನ್ನ ಹೇಳೋ ಯೋಗ್ಯತೆನೂ ಕಳ್ಕೊಂಡೆ."

ಓಣಿಯ ಕಿಟಕಿಗಳೆಲ್ಲ ತೆರೆದವು.

"ಮೊದಲು ಮೈಕ್ ಆಫ್ ಮಾಡಪ್ಪ!" ಎಂದು ಕರೀಂ ಸಾಬ್ ಕಟ್ಟೆಯಿಂದ ಕೂಗಿದರು. ಆಮೇಲೆ ಅಳಿಯನ ಕೈಯಿಂದ ಕೀಲಿ ಇಸಿದುಕೊಂಡರು. "ನಿನ್ನ ಪೈಪು ನಮ್ಮ ಹಿತ್ತಲಾಗ ಇಡು, ಬೇಟಾ."

ಸ್ವಾತಿ ಕಣ್ಣೊರೆಸಿಕೊಂಡಳು. "ನನಗಿನ್ನೂ ಸಿಟ್ಟು ಇಳಿದಿಲ್ಲ. ಮುಂದಿನ ಆಟಕ್ಕೆ ಮೈಕ್ ಮುಟ್ಟಬ್ಯಾಡ್ರಿ. ಮನೆ ಮನೆಗೆ ನಡ್ಕೊಂಡು ಹೋಗಿ ಕರೀಬೇಕು."

"ಹೋಗ್ತೀನಿ."

"ಒಬ್ರೇ ಹೋದ್ರೆ ಮತ್ತೇನು ಹೇಳ್ತೀರೋ. ನಾನೂ ಬರ್ತೀನಿ."

ಮುಂದಿನ ವಾರ ಅವರು ಮೊದಲು ತಟ್ಟಿದ್ದು ಓಬವ್ವನ ಬಾಗಿಲು. ಅವಳು ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಖರೇ ಹೇಳಪ್ಪ. ಇದಾದ್ರೂ ಕೊನೇ ಆಟನಾ?"

ಅಶ್ವಥ್‌ಗೆ ಮುಖ ಬಿಸಿಯಾಯಿತು. ಪಕ್ಕದಲ್ಲಿದ್ದ ಸ್ವಾತಿ ಅವನ ಉತ್ತರಕ್ಕೇ ಕಾದಳು.

"ಇಲ್ಲವ್ವ. ಈಗ ಶುರು."

ಸ್ವಾತಿ ನಗು ತಡೆದು ಬೇರೆ ಕಡೆ ನೋಡಿದಳು. ಮುಂದಿನ ಮನೆಗೆ ನಡೆಯುವಾಗ ಅವನ ಕಿರುಬೆರಳು ಹಿಡಿದುಕೊಂಡಳು.