ಎರಡು ಕೈ, ಎರಡು ಲೆಕ್ಕ

"ಇದನ್ನ ಆರಿಸಿದವ್ರು ಯಾರು?!"

ಉಮಾಶ್ರೀಯ ದನಿಗೆ ದೇಶಪಾಂಡೆ ನಗರದ ಆ ವಾಚ್ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಗಾಜಿನ ಮೇಜಿನ ಮೇಲೆ ಕೆಂಪು ಮಖಮಲ್ಲಿನ ಪೆಟ್ಟಿಗೆ. ಅದರೊಳಗೆ, ಸಮುದ್ರದಲ್ಲಿ ಮುಳುಗುವವರು ಕೈಗೆ ಕಟ್ಟಿಕೊಳ್ಳುವ ಎರಡು ಡೈವ್ ಕಂಪ್ಯೂಟರ್. ಒಂದು ಕಪ್ಪು, ಮುಂಗೈ ಮುಚ್ಚುವಷ್ಟು ದೊಡ್ಡದು. ಇನ್ನೊಂದು ಪುಟ್ಟದು, ನೇರಳೆ ಪಟ್ಟಿಯದು.

"ಛಲೋ ಅದಾವಲ್ರಿ?" ಅಂದರು ಅಂಗಡಿಯ ಮಾಲೀಕ ಅಹಮದಸಾಬರು. "ಗಂಡಸರದೊಂದು, ಹೆಣಮಕ್ಕಳದೊಂದು. ದುಬೈದಾಗ ನನ್ನ ತಮ್ಮ ಹುಡುಕಿ ಹುಡುಕಿ ಕಳಿಸ್ಯಾನ. ಲಗ್ನ ಯಾವಾಗ್ರಿ ನಿಮ್ಮದು?"

"ಲಗ್ನ?!"

ಪಕ್ಕದಲ್ಲಿ ನಿಂತಿದ್ದ ಎತ್ತರದ ಹುಡುಗನ ಕಿವಿ ಕೆಂಪಾದವು. ಅವನೇ ಶಿವಯೋಗೀಶ. ಉಮಾಶ್ರೀ ಅವನನ್ನು ನೋಡಿದ್ದು ಅದೇ ಮೊದಲು. ನೋಡಿದ ಕೂಡಲೇ ಜಗಳ!

ಅದು ಎರಡು ಸಾವಿರದ ಎಂಟನೆಯ ಇಸವಿ. ಹುಬ್ಬಳ್ಳಿಯ ಈಜುಗೊಳದಲ್ಲಿ ಸ್ಕೂಬಾ ಕಲಿಸುತ್ತಿದ್ದ ಪಂಢರಿನಾಥ ಸರ್ ಇವರಿಬ್ಬರನ್ನೂ ಫೋನಿನಲ್ಲೇ ಜೋಡಿ ಮಾಡಿದ್ದರು. ಸಮುದ್ರದೊಳಗೆ ಒಬ್ಬರೇ ಇಳಿಯುವಂತಿಲ್ಲ, ಜೊತೆಗಾರ ಬೇಕೇ ಬೇಕು. ಅಮರಗೋಳದ ಹತ್ತಿ ವ್ಯಾಪಾರಿ ಮುರುಗೆಪ್ಪನವರ ಮಗಳು ಉಮಾಶ್ರೀಗೆ ಸಿಕ್ಕ ಜೊತೆಗಾರ, ರಾಯಾಪುರದಲ್ಲಿ ಪಂಪು ರಿಪೇರಿ ಮಾಡುವ ಈ ಶಿವಯೋಗೀಶ.

"ಇಬ್ರೂ ಒಂದ ನಮೂನಿ ಕಂಪ್ಯೂಟರ್ ತಗೋರಿ" ಅಂತ ಸರ್ ಹೇಳಿದ್ದರು. ಇವನು ಹೋಗಿ, "ನನಗೊಂದು, ಉಮಾಶ್ರೀ ಅಂತಾರ, ಅವರಿಗೊಂದು" ಎಂದು ಅಹಮದಸಾಬರಿಗೆ ಒಪ್ಪಿಸಿ ಬಂದಿದ್ದ. ನಿಶ್ಚಯದ ಹೊತ್ತಿಗೆ ಗಂಡಿಗೊಂದು ಹೆಣ್ಣಿಗೊಂದು ವಾಚು ಕೊಡುವುದು ನಮ್ಮ ಕಡೆಯ ರೂಢಿ. ಜೀವನವಿಡೀ ಅದನ್ನೇ ಮಾರಿದ ಮನುಷ್ಯ ಬೇರೆ ಏನು ತಿಳಿದುಕೊಂಡಾನು, ಪಾಪ! ಮಖಮಲ್ಲಿನ ಪೆಟ್ಟಿಗೆಯನ್ನೂ ಸಾಬರು ತಾವೇ ಹೊಂದಿಸಿದ್ದರು.

"ಎರಡೂ ಮಾಡೂ ಕೆಲಸ ಒಂದ ಅಲ್ರಿ?" ಶಿವಯೋಗೀಶ ಮೆಲ್ಲಗೆ ಅಂದ.

"ಅಲ್ಲ!" ಉಮಾಶ್ರೀ ಸಿಡಿದಳು. "ಕೆಳಗ ಇನ್ನೆಷ್ಟು ಹೊತ್ತು ಇದ್ರ ಮೈಗೆ ಅಪಾಯ ಇಲ್ಲ ಅಂತ ಇದು ಲೆಕ್ಕಾ ಹಾಕತೈತಿ. ಎರಡು ಕಂಪನಿ, ಎರಡು ಲೆಕ್ಕ. ನಿಮ್ಮದು 'ಇರು' ಅಂದಾಗ ನನ್ನದು 'ಏಳು' ಅಂದ್ರ?"

"ನನ್ನ ಕೈಯಾಗಿಂದು ನೋಡ್ಕೋತ ಬರ್ರಿ, ಸಾಕು."

"ಯಾಕ? ನನಗ ಕಣ್ಣಿಲ್ಲೇನು?"

ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ದರ ಹೇಳಿದರೆ ಇಡೀ ಅಮರಗೋಳದ ದಲಾಲರು ಸುಮ್ಮನಾಗುವ ಹುಡುಗಿ ಅವಳು. ಇನ್ನೊಬ್ಬರ ಮುಂಗೈ ನೋಡಿಕೊಂಡು ಬದುಕುವ ಜಾಯಮಾನ ಅವಳದಲ್ಲ!

ವಾಪಸು ಕಳಿಸಿದರೆ ಸಮುದ್ರಕ್ಕಿಳಿಯುವ ಈ ಹಂಗಾಮು ಮುಗಿದೇ ಹೋಗುತ್ತಿತ್ತು. ಕೊನೆಗೆ ಅವಳೇ ಷರತ್ತು ಹಾಕಿದಳು.

"ಯಾವುದು ಮೊದಲ ಮ್ಯಾಲೆ ಹೋಗು ಅಂತೈತಿ, ಅದರ ಮಾತು ಇಬ್ರೂ ಕೇಳಬೇಕು. ಒಪ್ಪಿಗಿ ಐತೇನು?"

"ಒಪ್ಪಿದೆ ರೀ. ಖರೇನ."

ಆ 'ಖರೇನ' ಅನ್ನುವ ಮಾತನ್ನು ಉಮಾಶ್ರೀ ನಂಬಿಬಿಟ್ಟಳು...

ಈಜುಗೊಳದ ಅಭ್ಯಾಸದಲ್ಲಿ ದಿನಗಳು ಹೋದವು. ಶಿವಯೋಗೀಶ ಅವಳ ಸಿಲಿಂಡರಿನ ವಾಲ್ವ್ ನೋಡುತ್ತಿದ್ದ, ತನ್ನದನ್ನು ಅವಳಿಂದ ನೋಡಿಸಿಕೊಳ್ಳುತ್ತಿದ್ದ. "ನೀವು ನೋಡಿದ್ರನ ನನಗ ಧೈರ್ಯ" ಅನ್ನುತ್ತಿದ್ದ. ಸಿಟ್ಟಿನಿಂದ ಶುರುವಾದದ್ದು ಎಲ್ಲಿಗೆ ತಿರುಗಿತೋ ಅವಳಿಗೇ ತಿಳಿಯಲಿಲ್ಲ. ಹೌದು, ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು!

ಅದೇ ಹೊತ್ತಿಗೆ ಗದಗಿನಿಂದ ಒಂದು ಸಂಬಂಧ ಬಂತು. "ನಿನ್ನ ಮನಸ್ಸಿನ್ಯಾಗ ಬ್ಯಾರೆ ಯಾರರ ಇದ್ರ ಈಗ ಹೇಳವ್ವಾ. ಅಮಾಸಿ ಆದ ಮ್ಯಾಲೆ ನಾ ಮಾತು ಕೊಡತೇನಿ" ಅಂದರು ಅಪ್ಪ.

ಸಮುದ್ರದಿಂದ ಬಂದ ಮೇಲೆ ಹೇಳೋಣ ಎಂದುಕೊಂಡಳು. ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದು, ಶಿವಯೋಗೀಶನ ಹೆಸರನ್ನು ಹೇಳಿಬಿಡೋಣ!

ನೇತ್ರಾಣಿಗೆ ಹೋದ ದಿನ ಎರಡನೆಯ ಸಲ ನೀರಿಗೆ ಇಳಿದಾಗ ಅವಳ ಕೈಯಲ್ಲಿನ ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು. ಹೆಬ್ಬೆರಳು ಮೇಲೆತ್ತಿ ಸನ್ನೆ ಮಾಡಿದಳು. ಮೇಲೆ ಹೋಗೋಣ.

ಅವನ ಎದುರಿಗೆ ಒಂದು ದೊಡ್ಡ ಆಮೆ. ಅವನು ತನ್ನ ಕೈಯ ಕಂಪ್ಯೂಟರ್ ತೋರಿಸಿ, ಇನ್ನೂ ಹೊತ್ತಿದೆ ಎಂದು ಬೆರಳಾಡಿಸಿದ.

ಅವಳು ಮತ್ತೆ ಸನ್ನೆ ಮಾಡಿದಳು. ಅವನು ಆಮೆಯ ಹಿಂದೆಯೇ ಹೊರಟ!

ಕೊನೆಗೆ ಮೊಣಕೈ ಹಿಡಿದು ಎಳೆದುಕೊಂಡೇ ಮೇಲೆ ತಂದಳು. ದೋಣಿ ಹತ್ತಿದ ಕೂಡಲೇ ಯಾರೋ ಕೇಳಿದರು, "ಯಾಕ್ರಿ, ಇಷ್ಟ ಲಗೂ ಬಂದ್ರಿ?"

ಶಿವಯೋಗೀಶ ನಕ್ಕ. "ಇವರದು ಲೇಡೀಸ್ ವಾಚ್ ನೋಡ್ರಿ... ಭಾಳ ಅಂಜತೈತಿ!"

ದೋಣಿಗೆ ದೋಣಿಯೇ ನಕ್ಕಿತು.

ಉಮಾಶ್ರೀ ನಗಲಿಲ್ಲ. ಅವಳ ಮೈಯೆಲ್ಲ ಉರಿಯುತ್ತಿತ್ತು. 'ಕೊಟ್ಟ ಮಾತು ಮುರಿದ. ಅದರ ಮೇಲೆ ನನ್ನನ್ನೇ ನಗೆಪಾಟಲು ಮಾಡಿದ. ಇಂಥವನ ಹೆಸರನ್ನು ಅಪ್ಪನ ಮುಂದೆ ಹೇಳಲಾ?'

ದೋಣಿ ಮುರುಡೇಶ್ವರದ ದಡ ಸೇರಿದ ಮೇಲೆ ಹುಬ್ಬಳ್ಳಿಯವರೆಗೂ ಅವಳು ಬೇರೆ ಸೀಟಿನಲ್ಲಿ ಕೂತು ಬಂದಳು. ಅವನ ಫೋನು ಬಂದರೆ ಕತ್ತರಿಸಿದಳು. ಅಮಾವಾಸ್ಯೆ ಹತ್ತಿರ ಬಂತು. ಅಪ್ಪ ಮುಖ ನೋಡಿದರೆ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಅಹಮದಸಾಬರ ಫೋನು. "ತಂಗೀ, ಶಿವಯೋಗೀಶ ಅವರು ತಮ್ಮ ದೊಡ್ಡ ಕಂಪ್ಯೂಟರ್ ವಾಪಸ್ ಕೊಟ್ಟು, ದುಬೈದಿಂದ ಬರೂ ಒಬ್ಬರ ಕೈಲೆ ಲಗೂ ಬ್ಯಾರೆ ತರಿಸ್ಯಾರ. ನಿನ್ನದೂ ಬದಲಿ ಮಾಡಲೇನು?"

ಓಹೋ! ಇನ್ನೂ ದೊಡ್ಡದು ಬೇಕಾಯಿತೇನು ಸಾಹೇಬರಿಗೆ?

ಭಾನುವಾರ ಬೆಳಿಗ್ಗೆ ಅವಳು ಈಜುಗೊಳಕ್ಕೆ ಬಂದದ್ದು ಒಂದೇ ಮಾತು ಹೇಳಲು. 'ಸರ್, ನನಗ ಬ್ಯಾರೆ ಜೊತೆಗಾರನ್ನ ಕೊಡ್ರಿ.'

ಆದರೆ ಒಳಗೆ ಕಾಲಿಟ್ಟರೆ ಗದ್ದಲವೋ ಗದ್ದಲ. ದೋಣಿಯಲ್ಲಿ ನಕ್ಕ ಅದೇ ಮಂದಿ ಈಗ ಶಿವಯೋಗೀಶನ ಸುತ್ತ ನಿಂತು ನಗುತ್ತಿದ್ದರು. ಅವನ ದಪ್ಪ ಮುಂಗೈಯಲ್ಲಿ ಅವಳದೇ ನಮೂನೆಯ ಪುಟ್ಟ ಕಂಪ್ಯೂಟರ್. ನೇರಳೆ ಪಟ್ಟಿ ಕೊನೆಯ ತೂತಿಗೆ ಹೇಗೋ ಬಿಗಿದು ಕೂತಿತ್ತು.

ಉಮಾಶ್ರೀಯ ಸಿಟ್ಟು ಇಳಿಯಿತೇ? ಇಲ್ಲ, ಏರಿತು! ಅವನನ್ನು ಪಕ್ಕಕ್ಕೆ ಕರೆದಳು.

"ಏನಿದು? ನನ್ನ ಮ್ಯಾಲೆ ಕರುಣಾ ತೋರ್ಸಾಕತ್ತೀರೇನು? ನನ್ನ ಸಲುವಾಗಿ ತ್ಯಾಗ ಮಾಡ್ದೆ ಅಂತ ಊರಿಗೆಲ್ಲಾ ಹೇಳೂದೇನು?"

"ತ್ಯಾಗ ಅಲ್ರಿ." ಅವನು ಮುಂಗೈಯ ನೇರಳೆ ಪಟ್ಟಿ ಮುಟ್ಟಿದ. "ಸರ್ ಮೊದಲ ಹೇಳಿದ್ರಲ್ಲಾ, ಇಬ್ಬರದೂ ಒಂದ ಇರಬೇಕಂತ. ದೊಡ್ಡದನ್ನ ನಿಮಗ ತರಿಸಬಹುದಿತ್ತು. ಆದ್ರ ಅದು ಹೆಚ್ಚು ಹೊತ್ತು ಇರು ಅನ್ನೂದು. ಲಗೂ ಏಳು ಅನ್ನೂದು ಛಲೋ ಅನಿಸ್ತು."

"ಆಮಿ ಸಿಕ್ಕಾಗ ಅನಿಸಲಿಲ್ಲೇನು?"

"ಇಲ್ಲ. ನಾ ಅವತ್ತ ಆಮಿ ನೋಡ್ದೆ, ನಿಮ್ಮನ್ನ ನೋಡಲಿಲ್ಲ. ಎಷ್ಟ ಹೊತ್ತು ಕರದ್ರಿ ನೀವು... ನಿಮಗ ಅಲ್ಲೇ ಏನರ ಆಗಿದ್ರ?" ಅವನು ಮುಖ ತಿರುಗಿಸಿದ. "ನಿದ್ದಿ ಬರವಲ್ದು ನನಗ. ನೀವು ಮ್ಯಾಲೆ ಹೋದ ಮ್ಯಾಲೆ ನಾ ಒಬ್ಬನ ಕೆಳಗ ಇದ್ದು ಏನು ಮಾಡ್ಲಿ?"

ಉಮಾಶ್ರೀಯ ಸಿಟ್ಟು ಅರ್ಧ ಇಳಿಯಿತು. ಆದರೂ ಬಿಡಲಿಲ್ಲ.

"ಇದನ್ನ ನನ್ನ ಕಿವ್ಯಾಗ ಹೇಳಿದ್ರ ನಡಿಯೂದಿಲ್ಲ. ನಗಿಸಿದ್ದು ಎಲ್ಲಾರ ಮುಂದ!"

ಅವನು ಸೀದಾ ಹೋಗಿ ಕೊಳದ ಕಟ್ಟೆಯ ಮೇಲೆ ನಿಂತ.

"ಎಲ್ಲಾರೂ ಸ್ವಲ್ಪ ಕೇಳ್ರಿ! ನೇತ್ರಾಣಿಯೊಳಗ ಉಮಾಶ್ರೀ ಅವರು ಮ್ಯಾಲೆ ಹೋಗೂಣು ಅಂದದ್ದು ಖರೇ ಇತ್ತು. ಕೊಟ್ಟ ಮಾತು ಮುರದಾಂವ ನಾ. ಮ್ಯಾಲೆ ಬಂದು ಅವರನ್ನ ಹಾಸ್ಯ ಮಾಡಿದಾಂವನೂ ನಾನ. ತಪ್ಪಾತು."

ಯಾರೂ ನಗಲಿಲ್ಲ. ಪಂಢರಿನಾಥ ಸರ್ ಮಾತ್ರ ನಿಧಾನವಾಗಿ ತಲೆಯಾಡಿಸಿದರು.

ಶಿವಯೋಗೀಶ ಇಳಿದು ಬಂದು ಅವಳೆದುರು ನಿಂತ. ಅವಳ ಕಣ್ಣು ತುಂಬಿದ್ದವು, ಹುಬ್ಬು ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಸಂಜಿಗೆ ನಮ್ಮ ಮನಿಗೆ ಬರ್ರಿ" ಅಂದಳು ಒರಟಾಗಿ. "ಅಪ್ಪ ಒಂದು ಹೆಸರು ಕೇಳಾಕತ್ತಾರ. ನಾ ಇನ್ನೂ ಹೇಳಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಉಮಾಶ್ರೀ... ನಾ ಇನ್ನೊಂದು ಮಾತು ಹೇಳೂದೈತಿ. ಭಾಳ ದಿನದಿಂದ ಐತಿ." ಅವನು ಕಟ್ಟೆಯ ಕಡೆ ನೋಡಿದ. "ಅದನ್ನೂ ಅಲ್ಲೇ ನಿಂತು ಹೇಳ್ಲೇನ್ರಿ?"

"ಬ್ಯಾಡ." ಅವಳು ಅವನ ತೋಳು ಹಿಡಿದು ತಡೆದಳು. ಅಂದು ಮೊದಲ ಸಲ ಅವಳ ದನಿ ಮೆತ್ತಗಾಯಿತು. "ಅದನ್ನ ನನಗ ಒಬ್ಬಾಕಿಗೇ ಹೇಳ್ರಿ."