ಹಾಡಿನ ತಂಡಕ್ಕೆ ಬಂದವಳು ಮಾಯ!

"ಪಿಯಾನೊ ಕೆಳಗೂ ಇಲ್ವಲ್ಲೋ!" ಬಗ್ಗಿ ಹುಡುಕುತ್ತಿದ್ದ ಹಾಡಿನ ಆಂಟಿ ಏಳುವಾಗ ತಲೆ ಚಚ್ಚಿಕೊಂಡು "ಅಯ್ಯಯ್ಯೋ!" ಎಂದರು.

"ಬಾಗ್ಲು ಹಾಕೇ ಇದೆ ಆಂಟಿ, ಹೊರಗಂತೂ ಹೋಗಿಲ್ಲ," ಎಂದ ಅಣ್ಣ. ಅವನು ಗಿಟಾರನ್ನು ಕೊರಳಿಗೆ ನೇತುಹಾಕಿಕೊಂಡೇ ಬೆಂಚುಗಳ ಕೆಳಗೆ ತೆವಳುತ್ತಿದ್ದ.

ಅವನ ತಂಗಿ ಚಿನಕುರುಳಿಗೆ ಅಳುವೇ ಬಂತು. ಬಾಯಿ ತೆರೆದರೆ ಅರಳು ಹುರಿದಂತೆ ಮಾತು, ಅದಕ್ಕೇ ಅವಳಿಗೆ ಆ ಹೆಸರು. ತನ್ನ ಕ್ಲಾಸಿನ ಹೊಸ ಹುಡುಗಿಗೆ ದುಂಬಾಲು ಬಿದ್ದು, ಚರ್ಚಿನ ಹಾಡಿನ ತಂಡಕ್ಕೆ ಕರೆತಂದವಳು ಅವಳೇ!

ತಂಡದಲ್ಲಿ ಉಳಿದವರು ನಾಲ್ಕೇ ಜನ. ದೊಡ್ಡಕ್ಕಂದಿರೆಲ್ಲ ಕಾಲೇಜಿಗೆಂದು ದೂರ ಹೋಗಿದ್ದರು. "ಭಾನುವಾರದೊಳಗೆ ಒಬ್ರಾದ್ರೂ ಸೇರ್ಲಿಲ್ಲ ಅಂದ್ರೆ, ನೀವು ಹಾಡೋದು ಬೇಡ. ಪೆನ್‌ಡ್ರೈವ್‌ನಲ್ಲಿರೋ ಹಾಡು ಹಾಕ್ತೀನಿ," ಎಂದು ಪಾಸ್ಟರ್ ಹೇಳಿಬಿಟ್ಟಿದ್ದರು. ಪೆನ್‌ಡ್ರೈವಂತೆ! ಹಾಡದಿದ್ದರೆ ಚಿನಕುರುಳಿಗೆ ಅದು ಭಾನುವಾರವೇ ಅಲ್ಲ.

ಹೊಸ ಹುಡುಗಿಯೋ, ಲೆಕ್ಕ ಮಾಡುವಾಗಲೂ ಗುನುಗುತ್ತಿದ್ದಳು. ದನಿ ಎಂಥ ಚೆನ್ನ! ಮಾತು ಮಾತ್ರ ಕೇಳಿದರೆ ಒಂದು, ಕೇಳದಿದ್ದರೆ ಅದೂ ಇಲ್ಲ.

ಹೊಸಬರು ಬಂದು ಎಷ್ಟು ಕಾಲವಾಗಿತ್ತೋ ಏನೋ, ಅವರನ್ನು ಸ್ವಾಗತಿಸುವುದೇ ಈ ತಂಡಕ್ಕೆ ಮರೆತುಹೋಗಿತ್ತು. ಇವತ್ತು ಹುಡುಗಿ ಒಳಗೆ ಕಾಲಿಟ್ಟಿದ್ದೇ ತಡ, ಡ್ರಮ್ ಮಾಮ ಢಮಢಮ ಬಾರಿಸಿದರು. ಅಣ್ಣ ಮೈಕನ್ನು ಅವಳ ಮೂಗಿಗೇ ಹಿಡಿದ. ಹಾಡುವವರು ತೊಡುವ ನಿಲುವಂಗಿಯನ್ನು ಆಂಟಿ ಅವಳ ತಲೆಯ ಮೇಲಿಂದ ಇಳಿಸಿದರು. ಅದು ದೊಡ್ಡಕ್ಕನ ಅಳತೆಯದು! ತಲೆ ಹೊರಗೆ ಬರಲೇ ಇಲ್ಲ. ತೋಳಿನೊಳಗೆ ಕೈ ಹಾಕಿ ಹುಡುಕಿದರೆ ಒಂದು ಕಿವಿ ಸಿಕ್ಕಿತು.

"ವೆಲ್‌ಕಮ್! ವೆಲ್‌ಕಮ್! ಸೋಲೋ ಹಾಡು, ಈಗ್ಲೇ ಹಾಡು!" ಎಂದು ಕುಣಿದ ಚಿನಕುರುಳಿ ಖುಷಿಯಲ್ಲಿ ಕೈಯಲ್ಲಿದ್ದ ಬಲೂನನ್ನು ಅಪ್ಪಿಕೊಂಡಳು. ಢಬ್!

ಎಲ್ಲರೂ ಬೆಚ್ಚಿ ಕಣ್ಣು ಮುಚ್ಚಿದರು. ತೆರೆದು ನೋಡಿದರೆ ನಿಲುವಂಗಿಯೂ ಇಲ್ಲ, ಹುಡುಗಿಯೂ ಇಲ್ಲ. ಆಗಿನಿಂದ ಹುಡುಕುತ್ತಲೇ ಇದ್ದರು.

"ನಮ್ದು ಅತಿಯಾಯ್ತು ಕಣ್ರೀ," ಎಂದ ಡ್ರಮ್ ಮಾಮ ಕೋಲುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ಚಿನಕುರುಳಿ ಮೂಗೊರೆಸಿಕೊಳ್ಳುತ್ತ ಮೂಲೆಯಲ್ಲಿದ್ದ ಬಟ್ಟೆ ಬೀರುವಿಗೆ ಒರಗಿದಳು. ಬೀರುವಿನೊಳಗಿಂದ ಸಣ್ಣಗೆ ಗುನುಗು ಕೇಳಿಸಿತು!

"ಸಿಕ್ಕಿದ್ಲು!" ಎಂಬ ಕೂಗು ಗಂಟಲ ತನಕ ಬಂತು. ಚಿನಕುರುಳಿ ಅದನ್ನು ಗುಳುಂ ಎಂದು ನುಂಗಿದಳು. ಮೆಲ್ಲಗೆ ಬಾಗಿಲು ತೆರೆದು, ಒಳಗೆ ತೂರಿ, ಪಕ್ಕದಲ್ಲಿ ಕೂತಳು.

"ಮನೆಗೆ ಹೋಗ್ತೀಯಾ?" ಎಂದು ಪಿಸುಗುಟ್ಟಿದಳು.

"ಹಾಡೋಕೆ ಇಷ್ಟಾನೇ. ಎಲ್ರೂ ನನ್ನೇ ನೋಡ್ತೀರಲ್ಲ, ಅದಕ್ಕೇ ಭಯ."

"ಇಲ್ಲಿ ನಂಗೆ ನಿನ್ನ ಮೂಗೂ ಕಾಣಿಸ್ತಿಲ್ಲ."

ಕತ್ತಲಲ್ಲಿ ಕಿಸಕ್ಕನೆ ನಗು ಕೇಳಿಸಿತು. ಆಮೇಲೆ ಮತ್ತೆ ಗುನುಗು, ಈ ಸಲ ತುಸು ದೊಡ್ಡದಾಗಿ. ಚಿನಕುರುಳಿಯೂ ದನಿಗೂಡಿಸಿದಳು. ಹೊರಗೆ ಆಂಟಿ ಪಿಯಾನೊ ಮುಟ್ಟಿದರು, ಮಾಮ ಬೆರಳಲ್ಲೇ ತಾಳ ಹಾಕಿದರು.

ಅಷ್ಟರಲ್ಲಿ ಪಾಸ್ಟರ್ ಬಂದರು. "ಇದೇನ್ರೀ, ಬೀರು ಹಾಡ್ತಾ ಇದೆ!"

"ನಮ್ಮ ಹೊಸ ಮೆಂಬರ್ರು," ಎಂದರು ಆಂಟಿ.

"ಬೀರುನಾ?"

"ಅದರ ಒಳಗಿರೋರು!"

ಪಾಸ್ಟರ್ ಬೀರುವಿಗೆ ಕಿವಿಯಿಟ್ಟು ಇಡೀ ಹಾಡು ಕೇಳಿದರು. "ಪೆನ್‌ಡ್ರೈವ್ ಬೇಡ ಬಿಡಿ. ಆದ್ರೆ ಭಾನುವಾರ ಈ ಬೀರುನ ಮುಂದಕ್ಕೆ ತಳ್ಳೋರು ಯಾರು?"

ಒಳಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ಬೀರು ಮೂಲೆಯಲ್ಲೇ ಉಳಿಯಿತು. ಹೊಸ ಹುಡುಗಿ ತಾನಾಗಿಯೇ ಬಂದು ಸಾಲಿನ ತುದಿಯಲ್ಲಿ ನಿಂತಳು. ಚಿನಕುರುಳಿಯ ನಾಲಿಗೆ ಮಾತಿಗೆ ತುರಿಸುತ್ತಿತ್ತು. ಆದರೂ ಏನೂ ಹೇಳದೆ, ಸ್ವಲ್ಪ ಸರಿದು ಅವಳಿಗೆ ಜಾಗ ಕೊಟ್ಟಳು.

ಹಾಡು ಶುರುವಾಯಿತು. ಪಕ್ಕದಲ್ಲಿ ಆ ದನಿ ನಿಧಾನವಾಗಿ ಮೇಲೇರಿತು. ಚಿನಕುರುಳಿ ಅದನ್ನು ಕೇಳುತ್ತ ಕೇಳುತ್ತ, ಒಂದು ಪೂರ್ತಿ ಸಾಲು ತಾನು ಹಾಡುವುದನ್ನೇ ಮರೆತಳು.